ವ್ಯಾಂಡಲರ ದಾರಿ: ಶಾಲಾ ಪ್ರದರ್ಶನಕ್ಕೆ ಗೈಸೆರಿಕ್‌ನ ನಕ್ಷೆ ಮಾಡುವ ಬಗೆ

ಮುಂಬೈಯ ಕನ್ನಡ ಶಾಲೆಗಳ ಇತಿಹಾಸ ಪ್ರದರ್ಶನಕ್ಕೆ ಐದನೆಯ ಶತಮಾನದಲ್ಲಿ ರೋಮನ್ ಸಾಮ್ರಾಜ್ಯದೊಳಗೆ ನುಗ್ಗಿದ ಜರ್ಮನಿಕ್ ಜನಾಂಗವಾದ ವ್ಯಾಂಡಲರನ್ನು ಆರಿಸಿಕೊಂಡರೆ, ರೈನ್ ನದಿಯಿಂದ ಉತ್ತರ ಆಫ್ರಿಕಾದ ಕಾರ್ತೇಜಿಗೆ (ಇಂದಿನ ಟ್ಯುನೀಸಿಯಾದಲ್ಲಿದೆ) ಒಂದೇ ಬಾಣ ಎಳೆದು ಮುಗಿಸಬೇಡಿ. ಆ ದಾರಿ ಸವೆಯಲು ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ನಕ್ಷೆಯಲ್ಲಿ ಅದು ಕಾಣಲೇಬೇಕು.

ಒಂದು ಪೂರ್ತಿ ಚಾರ್ಟ್ ಪೇಪರ್ (71×56 ಸೆಂ.ಮೀ.), ಎರಡು ಬಣ್ಣದ ಉಲ್ಲನ್ ದಾರ, ಗುಂಡುಸೂಜಿ, ದಪ್ಪ ರಟ್ಟು ಸಾಕು. ಥರ್ಮೋಕೋಲ್ ಬೇಡ, ಮಹಾರಾಷ್ಟ್ರದಲ್ಲಿ ಅಲಂಕಾರಕ್ಕೆ ಅದು ನಿಷಿದ್ಧ. ಮಳೆಗಾಲದಲ್ಲಿ ರಟ್ಟಿನ ಒಂದೇ ಬದಿಗೆ ಕಾಗದ ಅಂಟಿಸಿದರೆ ಅದು ಬಿಲ್ಲಿನಂತೆ ಬಾಗುತ್ತದೆ. ಹಿಂಬದಿಗೂ ಅಂಟಿಸಿ, ರಾತ್ರಿಯಿಡೀ ಭಾರ ಹೇರಿಡಿ.

ಅಳತೆ: 1 ಸೆಂ.ಮೀ.ಗೆ 50 ಕಿ.ಮೀ. ಮುಂಬೈ–ಪುಣೆ ರಸ್ತೆ ಇಲ್ಲಿ ಬರೀ 3 ಸೆಂ.ಮೀ. ಐದೈದು ಡಿಗ್ರಿಗೆ ಒಂದು ಚೌಕ: ಅಗಲ 8.3, ಎತ್ತರ 11.1 ಸೆಂ.ಮೀ. ಪಶ್ಚಿಮ 10ರಿಂದ ಪೂರ್ವ 30 ಡಿಗ್ರಿವರೆಗೆ ಎಂಟು ಚೌಕ, ಉತ್ತರ 35ರಿಂದ 55ರವರೆಗೆ ನಾಲ್ಕು. ಜರ್ಮನಿಯ ಮೈಂಟ್ಸ್ ಮತ್ತು ಅಲ್ಜೀರಿಯಾದ ಹಿಪ್ಪೊ (ಇಂದಿನ ಅನ್ನಾಬಾ) ಎರಡೂ ಪೂರ್ವ 8 ಡಿಗ್ರಿಯ ಆಸುಪಾಸಿನಲ್ಲಿವೆ. ಒಂದರ ಕೆಳಗೊಂದು ಬಂದರೆ ಗೆರೆ ಸರಿ ಇದೆ ಎಂದರ್ಥ.

ಮೊದಲ ದಾರ: ಕ್ರಿ.ಶ. 406ರ ಕೊನೆಯಲ್ಲಿ ರೈನ್ ದಾಟಿದ್ದು, ರೂಢಿಯ ಅಭಿಪ್ರಾಯದಂತೆ ಮೈಂಟ್ಸ್ ಬಳಿ, 409ರಲ್ಲಿ ಸ್ಪೇನ್. ಜೊತೆಗೆ ಅಲನರು, ಸುಯೆಬಿಗಳು ಎಂಬ ಬೇರೆ ಪಂಗಡಗಳೂ ಇದ್ದವು. ಮುಂದೆ ವ್ಯಾಂಡಲರನ್ನು ಆಫ್ರಿಕಾಕ್ಕೆ ಕರೆದೊಯ್ದ ಗೈಸೆರಿಕ್ ಆಗಿನ್ನೂ ರಾಜನಲ್ಲ, ಪಟ್ಟವೇರಿದ್ದು 428ರಲ್ಲಿ. ದಾರದ ಬಣ್ಣವನ್ನು ಅಲ್ಲಿಂದಲೇ ಬದಲಿಸಿ.

ಎರಡನೆಯ ದಾರದಲ್ಲೇ ಹೆಚ್ಚು ಎಡವುವುದು. ಸ್ಪೇನಿನಿಂದ ಕಾರ್ತೇಜಿಗೆ ಸಮುದ್ರದ ಮೇಲೆ ಎಳೆಯಬೇಡಿ. 429ರಲ್ಲಿ ಜಿಬ್ರಾಲ್ಟರ್ ಜಲಸಂಧಿ ದಾಟಿ, ಆಫ್ರಿಕಾದ ದಂಡೆಯುದ್ದಕ್ಕೂ ಹಿಪ್ಪೊವರೆಗೆ ಸಾಗಿದರು. ನಕ್ಷೆಯಲ್ಲಿ ಇದು ಸುಮಾರು 22 ಸೆಂ.ಮೀ., ಮುಂಬೈ–ಬೆಂಗಳೂರು ರಸ್ತೆಗಿಂತ ದೂರ. ಇಲ್ಲಿ ‘80,000 ಸೈನಿಕರು’ ಎಂದು ಬರೆಯುವುದು ತಪ್ಪು. ಅದೇ ಶತಮಾನದ ಆಫ್ರಿಕಾದ ಬಿಷಪ್ ವಿಟಾದ ವಿಕ್ಟರ್ ಕೊಟ್ಟ ಆ ಲೆಕ್ಕದಲ್ಲಿ ಮುದುಕರು, ಮಕ್ಕಳು, ಗುಲಾಮರೂ ಸೇರಿದ್ದಾರೆ. 430ರಲ್ಲಿ ಹಿಪ್ಪೊ ಮುತ್ತಿಗೆಯಲ್ಲಿದ್ದಾಗಲೇ ಅಲ್ಲಿನ ಬಿಷಪ್, ಕ್ರೈಸ್ತ ಚಿಂತಕ ಅಗಸ್ಟೀನ್ ತೀರಿಕೊಂಡ. ಕಾರ್ತೇಜ್ ಕೈಸೇರಿದ್ದು 439ರ ಅಕ್ಟೋಬರ್ 19ರಂದು.

ಬಣ್ಣ ತುಂಬುವಾಗ ಕಾರ್ತೇಜ್ ಸುತ್ತಲಿಗೆ ಗಾಢ ಬಣ್ಣ, 455ರ ನಂತರ ದಕ್ಕಿದ ಸಾರ್ಡಿನಿಯಾ, ಕಾರ್ಸಿಕಾ, ಬಾಲೆರಿಕ್ ದ್ವೀಪಗಳಿಗೆ ತೆಳು ಬಣ್ಣ. ರೋಮಿಗೆ ಬಣ್ಣವೇ ಬೇಡ, ಒಂದು ಚುಕ್ಕೆ ಸಾಕು: 455ರಲ್ಲಿ ಹದಿನಾಲ್ಕು ದಿನ ದೋಚಿದರು, ಹೊರಟುಹೋದರು. ಕೊನೆಯ ಕೆಂಪು ಸೂಜಿ ಕಾರ್ತೇಜ್ ಬಳಿಯ ಬೋನ್ ಭೂಶಿರಕ್ಕೆ. ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಿಂದ ಬಂದ ದೊಡ್ಡ ನೌಕಾಪಡೆಯ ಮೇಲೆ 468ರಲ್ಲಿ ಗೈಸೆರಿಕ್ ಉರಿಯುವ ಹಡಗುಗಳನ್ನು ಬಿಟ್ಟದ್ದು ಅಲ್ಲೇ.