ಧ್ರುವ ನಕ್ಷತ್ರ ಹುಡುಕಲು ತಲೆ ಜಾಸ್ತಿ ಎತ್ತಬೇಡಿ

ಧ್ರುವ ನಕ್ಷತ್ರ ತೋರಿಸಿ ಅಂದರೆ ಬಹಳ ಜನ ನೆತ್ತಿಯ ಮೇಲೆ ಹುಡುಕುತ್ತಾರೆ. ಇಲ್ಲವೇ ಎಲ್ಲಕ್ಕಿಂತ ಜೋರಾಗಿ ಹೊಳೆಯುವುದರ ಕಡೆ ಬೆರಳು ತೋರಿಸುತ್ತಾರೆ. ಹಾಗೆ ಹೊಳೆಯುವುದು ಹೆಚ್ಚಿನ ಸಲ ಶುಕ್ರ ಅಥವಾ ಗುರು ಗ್ರಹ. ಧ್ರುವದ್ದು ಸಾಧಾರಣ ಹೊಳಪು. ಅದಕ್ಕಿಂತ ಪ್ರಕಾಶಮಾನವಾದ ನಕ್ಷತ್ರಗಳು ನಲವತ್ತಕ್ಕೂ ಜಾಸ್ತಿ ಇವೆ. ನಮ್ಮ ಕಡೆಯಿಂದ ನೋಡಿದರೆ ಅದು ಇರುವುದೂ ಬಹಳ ಕೆಳಗೆ.

ಎಷ್ಟು ಕೆಳಗೆ? ನಿಮ್ಮ ಊರಿನ ಅಕ್ಷಾಂಶ ಎಷ್ಟೋ, ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲೆ ಧ್ರುವ ಇರುತ್ತದೆ. ವಿಜಯಪುರದಲ್ಲಿ ಸುಮಾರು 16.8, ಬಾಗಲಕೋಟೆಯಲ್ಲಿ 16.2, ಬೆಳಗಾವಿಯಲ್ಲಿ 15.9. ಶ್ರೀನಗರದವರಿಗೆ 34 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ, ಕನ್ಯಾಕುಮಾರಿಯಲ್ಲಿ ಬರೀ 8. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ನಮಗೆ ಧ್ರುವ ಇರುವುದು ದಿಗಂತದಿಂದ ಒಂದೂವರೆ ಮುಷ್ಟಿಗಿಂತ ತುಸು ಮೇಲೆ, ಅಷ್ಟೇ.

ಹಾಗಾಗಿ ಜಾಗದ ಆಯ್ಕೆಯೇ ಅರ್ಧ ಕೆಲಸ. ಮನೆಯ ಮಾಳಿಗೆ ಆಗಬಹುದು, ಊರ ಹೊರಗಿನ ಹೊಲವಾದರೆ ಇನ್ನೂ ಒಳ್ಳೆಯದು. ಉತ್ತರಕ್ಕೆ ಬೇವಿನ ಮರ, ಎತ್ತರದ ಕಟ್ಟಡ, ಬೀದಿ ದೀಪ ಇರಬಾರದು. ಬೇಸಿಗೆಯ ಧೂಳು ದಿಗಂತದ ಹತ್ತಿರವೇ ಜಾಸ್ತಿ ಕಾಡುತ್ತದೆ. ಒಂದು ಮಳೆ ಬಿದ್ದು ಮೋಡ ಸರಿದ ರಾತ್ರಿ ಸಿಕ್ಕರೆ ಬಿಡಬೇಡಿ. ಅಮಾವಾಸ್ಯೆಯ ಆಸುಪಾಸು ಇರಲಿ. ಮೊಬೈಲ್ ಜೇಬಿಗೆ ಹಾಕಿ ಕಾಲು ಗಂಟೆ ಸುಮ್ನೆ ಕೂತರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ.

ಈಗ ದಿಕ್ಕು. ವಿಜಯಪುರದವರು ಸೋಲಾಪುರದ ಕಡೆ ಮುಖ ಮಾಡಿ. ಬೆಳಗಾವಿಯವರು ನಿಪ್ಪಾಣಿಯ ಕಡೆ ತಿರುಗಿ, ಸ್ವಲ್ಪ ಬಲಕ್ಕೆ ಸರಿಯಿರಿ. ಬಾಗಲಕೋಟೆಯವರ ಕೆಲಸ ಸುಲಭ: ವಿಜಯಪುರ ಅವರಿಗೆ ಹೆಚ್ಚುಕಡಿಮೆ ನೇರ ಉತ್ತರಕ್ಕೇ ಇದೆ.

ಏಪ್ರಿಲ್ ಕೊನೆಯ ವಾರ, ರಾತ್ರಿ 9ರ ಸುಮಾರಿಗೆ ಹೀಗೆ ನಿಂತರೆ ಸಪ್ತರ್ಷಿ ಮಂಡಲ ಎದುರಿಗೇ ಎತ್ತರದಲ್ಲಿ ಕಾಣುತ್ತದೆ. ಬೋರಲು ಹಾಕಿದ ಸೌಟಿನಂತೆ ಏಳು ನಕ್ಷತ್ರ. ಹಿಡಿ ಬಲಗಡೆ, ಬಟ್ಟಲು ಎಡಗಡೆ. ಬಟ್ಟಲಿನ ಎಡ ಅಂಚಿನಲ್ಲಿ ಮೇಲಿರುವುದು ಪುಲಹ, ಕೆಳಗಿರುವುದು ಕ್ರತು. ಪುಲಹದಿಂದ ಕ್ರತುವಿಗೆ ಗೆರೆ ಎಳೆದು, ಅದನ್ನು ಹಾಗೇ ಕೆಳಕ್ಕೆ ಮುಂದುವರಿಸಿ. ಆ ಎರಡರ ನಡುವಿನ ಅಂತರದ ಐದು ಪಟ್ಟು ಇಳಿದರೆ ಒಂಟಿಯಾಗಿ ನಿಂತ ನಕ್ಷತ್ರ ಸಿಗುತ್ತದೆ. ಅದೇ ಧ್ರುವ. ಫೆಬ್ರವರಿಯಲ್ಲಾದರೆ ಸೌಟು ಈಶಾನ್ಯದಲ್ಲಿ ಇರುತ್ತದೆ, ಗೆರೆ ಎಡಕ್ಕೆ ಹೋಗುತ್ತದೆ. ಲೆಕ್ಕ ಮಾತ್ರ ಅದೇ.

ಸೌಟಿನ ಹಿಡಿಯ ನಡುವೆ ಇರುವುದು ವಸಿಷ್ಠ. ಅದಕ್ಕೆ ಅಂಟಿಕೊಂಡಂತೆ ಸಣ್ಣಗೆ ಕಾಣುವುದು ಅರುಂಧತಿ. ಮದುವೆಯಲ್ಲಿ ಮಟಮಟ ಮಧ್ಯಾಹ್ನವೇ ಇದನ್ನು ತೋರಿಸುತ್ತಾರೆ, ಮದುಮಕ್ಕಳು ಕಂಡಿತು ಎಂದು ತಲೆ ಆಡಿಸುತ್ತಾರೆ. ಇಲ್ಲಿ ನಿಜವಾಗಿ ನೋಡಬಹುದು.

ಒಂದು ಕಡೆ ಮೋಸ ಹೋಗುವ ಸಾಧ್ಯತೆ ಇದೆ. ಮೇ ತಿಂಗಳಲ್ಲಿ ಧ್ರುವದ ಬಲಕ್ಕೆ, ತುಸು ಮೇಲೆ, ಸುಮಾರು ಅಷ್ಟೇ ಹೊಳಪಿನ ಕೆಂಪು ಛಾಯೆಯ ನಕ್ಷತ್ರವೊಂದು ಕಾಣುತ್ತದೆ. ಅದರ ಹೆಸರು ಕೊಚಾಬ್. ಅನುಮಾನ ಬಂದರೆ ಒಂದು ಲೈಟ್ ಕಂಬದ ತುದಿಗೆ ನಕ್ಷತ್ರ ತಾಗುವಂತೆ ನಿಂತು ಜಾಗ ಗುರುತು ಮಾಡಿ. ಎರಡು ಗಂಟೆ ಬಿಟ್ಟು ಅಲ್ಲೇ ಬಂದು ನೋಡಿ. ಕೊಚಾಬ್ ಸರಿದಿರುತ್ತದೆ, ಧ್ರುವ ಅಲ್ಲೇ ಇರುತ್ತದೆ.

ಯಾಕೆ ಸರಿಯುವುದಿಲ್ಲ? ನಕ್ಷತ್ರಗಳು ಪೂರ್ವದಿಂದ ಪಶ್ಚಿಮಕ್ಕೆ ಸಾಗಿದಂತೆ ಕಾಣುವುದು ಭೂಮಿ ತಿರುಗುವುದರಿಂದ. ಆ ತಿರುಗುವಿಕೆಯ ಅಕ್ಷ ಉತ್ತರದಲ್ಲಿ ಈ ನಕ್ಷತ್ರದ ಕಡೆಗೇ ಮುಖ ಮಾಡಿದೆ. ಪಕ್ಕಾ ಅದರ ಮೇಲೇ ಅಲ್ಲ, ಅರ್ಧ ಡಿಗ್ರಿಗಿಂತ ತುಸು ಹೆಚ್ಚಿನ ವ್ಯತ್ಯಾಸ ಇದೆ. ಹಾಗಾಗಿ ಧ್ರುವವೂ ಒಂದು ಪುಟ್ಟ ಸುತ್ತು ಹಾಕುತ್ತದೆ, ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಉತ್ತರಕ್ಕೆ 111 ಕಿಲೋಮೀಟರ್ ಹೋದಂತೆ ಅದು ಒಂದು ಡಿಗ್ರಿ ಮೇಲೇರುತ್ತದೆ. ಬಾಗಲಕೋಟೆಯಿಂದ ವಿಜಯಪುರಕ್ಕೆ ಬರುವಷ್ಟರಲ್ಲಿ ಚಂದ್ರನ ಅಗಲಕ್ಕಿಂತ ತುಸು ಜಾಸ್ತಿಯೇ ಏರಿರುತ್ತದೆ.

ಈ ಪಟ್ಟವೂ ಶಾಶ್ವತವಲ್ಲ. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಮ್ಮೆ ಆಕಾಶದಲ್ಲಿ ಒಂದು ದೊಡ್ಡ ಸುತ್ತು ಹಾಕುತ್ತದೆ. ಸುಮಾರು 4,700 ವರ್ಷಗಳ ಹಿಂದೆ ಧ್ರುವದ ಜಾಗದಲ್ಲಿ ಥೂಬಾನ್ ಎಂಬ ನಕ್ಷತ್ರ ಇತ್ತು. ಈಗಿನ ಧ್ರುವ ನಮ್ಮಿಂದ ಸುಮಾರು 430 ಬೆಳಕಿನ ವರ್ಷ ದೂರದಲ್ಲಿದೆ. ಇವತ್ತು ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ವಿಜಯಪುರವನ್ನು ಎರಡನೇ ಇಬ್ರಾಹಿಂ ಆದಿಲ್ ಶಾ ಆಳುತ್ತಿದ್ದ. ಗೋಳಗುಮ್ಮಟ ಇನ್ನೂ ಕಟ್ಟಿರಲಿಲ್ಲ.

ಚಳಿಗಾಲದ ಸಂಜೆಗಳಲ್ಲಿ ಸಪ್ತರ್ಷಿ ದಿಗಂತದ ಕೆಳಗೆ ಹೋಗಿರುತ್ತದೆ. ಆಗ ಕ್ಯಾಸಿಯೋಪಿಯಾ ಹುಡುಕಿ. ನವೆಂಬರ್ ಕೊನೆಯಲ್ಲಿ ರಾತ್ರಿ 9ರ ಹೊತ್ತಿಗೆ ಉತ್ತರದಲ್ಲಿ ಐದು ನಕ್ಷತ್ರ ಸೇರಿ ಇಂಗ್ಲಿಷಿನ ‘ಎಂ’ ಅಕ್ಷರದಂತೆ ಕಾಣುತ್ತವೆ. ನಡುವಿನ ನಕ್ಷತ್ರದಿಂದ ನೇರ ಕೆಳಗೆ ಮೂರು ಮುಷ್ಟಿ ಇಳಿಯಿರಿ, ಧ್ರುವ ಅಲ್ಲಿದೆ.