ನಾಯಿಗೆ ಕ್ರೇಟ್ ತರುವ ಮುಂಚೆ ಟೇಪ್ ಹಿಡಿಯಿರಿ

ತಳಿಯ ಹೆಸರು ನೋಡಿ ಕ್ರೇಟ್ (ನಾಯಿ ಮಲಗುವ, ಬಾಗಿಲಿರುವ ಗೂಡು) ಸೈಜ್ ಆರಿಸಬೇಡಿ, ನಿಮ್ಮ ನಾಯಿಯನ್ನೇ ಅಳೆಯಿರಿ. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಸುಮಾರು 10 ಸೆಂ.ಮೀ. ಸೇರಿಸಿ. ಎತ್ತರಕ್ಕೂ ಹಾಗೆಯೇ, ನೆಟ್ಟಗಿನ ಕಿವಿಯಾದರೆ ಕಿವಿಯ ತುದಿಯಿಂದ ಲೆಕ್ಕ. ಒಳಗೆ ಅದು ತಲೆ ತಗ್ಗಿಸದೆ ನಿಲ್ಲಬೇಕು, ಸಲೀಸಾಗಿ ತಿರುಗಬೇಕು, ಕಾಲು ಚಾಚಿ ಮಲಗಬೇಕು.

ಮರಿ ಬೆಳೆಯುತ್ತದೆ ಅಂತ ದೊಡ್ಡದನ್ನೇ ತರುತ್ತೀರಿ ಅಲ್ವಾ? ತನ್ನಿ, ಆದರೆ ನಡುವೆ ಸರಿಸುವ ಅಡ್ಡಗೋಡೆ ಇರಲಿ. ಜಾಗ ಜಾಸ್ತಿಯಾದರೆ ಮರಿ ಒಂದು ಮೂಲೆಯಲ್ಲಿ ಮಲಗಿ, ಇನ್ನೊಂದು ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ. ನಮ್ಮ ಲ್ಯಾಬ್ರಡಾರ್ ಮರಿ ಹೀಗೇ ಮಾಡಿತು.

ಮಂಗಳೂರು, ಕಾರವಾರದಂಥ ಸೆಕೆಯ ಊರಿಗೆ ತಂತಿಯದೇ ಸರಿ, ಗಾಳಿ ಆಡುತ್ತದೆ. ಬಾಗಿಲು ಹಾಕುವ ಮುಂಚೆ ಕೊರಳಪಟ್ಟಿ ಮರೆಯದೆ ಬಿಚ್ಚಿ. ತಂತಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟಬಹುದು.