ಮಗ, ಮಗಳು ಮಾತು ಬಿಟ್ಟಾಗ ಮಾತಿಗೆ ಕೂರುವುದು ಹೇಗೆ?

ಹದಿಹರೆಯದ ಮುಂಗೋಪ, ಕೋಣೆಯ ಬಾಗಿಲು ಹಾಕಿಕೊಳ್ಳುವುದು, ಕೇಳಿದ್ದಕ್ಕೆಲ್ಲ ‘ಏನಿಲ್ಲ’ ಎನ್ನುವುದು ಕಾಯಿಲೆಯಲ್ಲ. ಹಾಗೆಂದು ಎಲ್ಲವನ್ನೂ ‘ವಯಸ್ಸೇ ಹಾಗೆ’ ಎಂದು ತಳ್ಳಿಹಾಕುವಂತೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 10ರಿಂದ 19 ವರ್ಷದ ಪ್ರತಿ ಏಳು ಮಂದಿಯಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇದೆ. ಬಹುಪಾಲು ಪ್ರಕರಣಗಳು ಗುರುತೇ ಸಿಗದೆ ಉಳಿಯುತ್ತವೆ. ಗುರುತು ಸಿಕ್ಕಿದ ಮನೆಗಳಲ್ಲೂ ಹಿರಿಯರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಮಗು ಬಾಯಿ ತೆರೆಯುವ ಮೊದಲೇ ಪರಿಹಾರ ಹೇಳಿಬಿಡುತ್ತಾರೆ. ಮೊದಲ ಮಾತುಕತೆಯಲ್ಲಿ ಸಮಸ್ಯೆ ಬಗೆಹರಿಯಬೇಕಿಲ್ಲ. ಎರಡನೆಯ ಸಲ ಮಾತಾಡಲು ಮಗುವಿಗೆ ಮನಸ್ಸಾದರೆ ಸಾಕು.

ಮೊದಲು ಗಮನಿಸಿ

ಪಕ್ಕದ ಮನೆಯ ಹುಡುಗನಿಗೆ ಹೋಲಿಸಬೇಡಿ. ನಿಮ್ಮ ಮಗು ಮೂರು ತಿಂಗಳ ಹಿಂದೆ ಹೇಗಿತ್ತು, ಈಗ ಹೇಗಿದೆ ಎಂಬುದಷ್ಟೇ ಲೆಕ್ಕ. ನಿದ್ದೆ, ಊಟ, ಓದು, ಸ್ನೇಹಿತರು, ಇಷ್ಟದ ಆಟ, ಸ್ನಾನ ಮತ್ತು ಬಟ್ಟೆಬರೆಯ ಕಾಳಜಿ – ಇವುಗಳಲ್ಲಿ ಎರಡು ಮೂರು ಒಟ್ಟಿಗೇ ಬದಲಾಗಿದ್ದರೆ ಎಚ್ಚರ ವಹಿಸಿ. ಈ ವಯಸ್ಸಿನಲ್ಲಿ ಖಿನ್ನತೆ ಯಾವಾಗಲೂ ಅಳುಮುಖ ಹೊತ್ತು ಬರುವುದಿಲ್ಲ. ಸಿಡುಕು, ಕಾರಣ ಸಿಗದ ತಲೆನೋವು, ಬೆಳಗಾದರೆ ಹೊಟ್ಟೆನೋವು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಅದರದೇ ರೂಪಗಳಾಗಿರಬಹುದು.

ಒಂದು ಸಣ್ಣ ಪುಸ್ತಕದಲ್ಲಿ ದಿನಕ್ಕೆರಡು ಸಾಲು ಬರೆದಿಡಿ: ಮಲಗಿದ್ದೆಷ್ಟಕ್ಕೆ, ಎದ್ದದ್ದೆಷ್ಟಕ್ಕೆ, ಊಟ ಹೇಗಿತ್ತು, ಏನನ್ನು ತಪ್ಪಿಸಿಕೊಂಡರು. ದಿನದ ಬಹುಹೊತ್ತು, ಬಹುತೇಕ ಪ್ರತಿದಿನ, ಎರಡು ವಾರ ಇದೇ ಸ್ಥಿತಿ ಮುಂದುವರಿದಿದೆಯೇ ಎಂಬುದನ್ನು ಖಿನ್ನತೆ ಗುರುತಿಸುವಾಗ ವೈದ್ಯರೂ ಕೇಳುತ್ತಾರೆ. ಆದರೆ ಮಾತಾಡಲು ಎರಡು ವಾರ ಕಾಯಬೇಕಾಗಿಲ್ಲ. ಸಾವಿನ ಮಾತು ಬಂದಿದ್ದರೆ, ಮೈಮೇಲೆ ಗಾಯ ಮಾಡಿಕೊಂಡ ಗುರುತು ಕಂಡರೆ ಅಂದೇ ಕೇಳಿ.

ಗಮನಿಸುವುದು ಬೇರೆ, ಪತ್ತೇದಾರಿಕೆ ಬೇರೆ. ಕದ್ದು ಮೊಬೈಲ್ ನೋಡುವುದು, ಡೈರಿ ಓದುವುದು ಒಂದು ದಿನ ಗೊತ್ತಾಗಿಯೇ ಆಗುತ್ತದೆ. ಆಮೇಲೆ ಆ ಮಗು ನಿಮಗೆ ಏನನ್ನೂ ಹೇಳುವುದಿಲ್ಲ.

ಮಾತಿಗೆ ಹೊತ್ತು, ಜಾಗ

ಎದುರುಬದುರು ಕುರ್ಚಿ ಹಾಕಿಕೊಂಡರೆ ಅದು ವಿಚಾರಣೆಯಾಗುತ್ತದೆ. ನಡೆಯುತ್ತಾ, ಗಾಡಿಯಲ್ಲಿ ಹೋಗುತ್ತಾ, ಪಾತ್ರೆ ಒರೆಸುತ್ತಾ ಅಕ್ಕಪಕ್ಕದಲ್ಲಿ ಇರುವಾಗ ಮಾತು ಸಲೀಸು, ಏಕೆಂದರೆ ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ. ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಸುತ್ತುವರಿಯುವುದು ಬೇಡ. ಮಗುವಿಗೆ ಹತ್ತಿರವಾದ ಒಬ್ಬರೇ ಸಾಕು. ಜಗಳವಾದ ಗಳಿಗೆ, ಅಂಕಪಟ್ಟಿ ಬಂದ ದಿನ, ನಡುರಾತ್ರಿ ಒಳ್ಳೆಯ ಹೊತ್ತಲ್ಲ. ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಎಳೆಯಬೇಡಿ.

ಶುರು ಮಾಡುವಾಗ ಕಂಡದ್ದನ್ನಷ್ಟೇ ಹೇಳಿ, ಅದಕ್ಕೆ ಅರ್ಥ ಹಚ್ಚಬೇಡಿ. ‘ನೀನು ಸೋಮಾರಿ ಆಗ್ಬಿಟ್ಟಿದ್ದೀಯ’ ಎಂಬುದು ತೀರ್ಪು. ‘ಹತ್ತು ದಿನದಿಂದ ನೀನು ಆಟಕ್ಕೆ ಹೋಗ್ತಿಲ್ಲ, ರಾತ್ರಿ ಎರಡರ ತನಕ ಲೈಟ್ ಉರೀತಿರುತ್ತೆ. ಹೇಗಿದ್ದೀಯ ಅಂತ ಕೇಳೋಣ ಅನ್ನಿಸ್ತು’ ಎಂಬುದು ಕಂಡ ಸಂಗತಿ. ಇಷ್ಟು ಹೇಳಿ ಸುಮ್ಮನಾಗಿ. ಕಷ್ಟವಿರುವುದು ಈ ಸುಮ್ಮನಾಗುವುದರಲ್ಲೇ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಮೌನವನ್ನು ತುಂಬುವ ಹೊಣೆ ನಿಮ್ಮದಲ್ಲ.

ಉತ್ತರ ಬಹುಶಃ ‘ಏನಿಲ್ಲ’ ಎಂದೇ ಬರುತ್ತದೆ. ಕೆದಕಬೇಡಿ. ‘ಸರಿ, ಹೇಳ್ಬೇಕು ಅನ್ನಿಸಿದಾಗ ಹೇಳು. ಎರಡು ದಿನ ಬಿಟ್ಟು ನಾನೇ ಮತ್ತೆ ಕೇಳ್ತೀನಿ’ ಎನ್ನಿ. ಎರಡು ದಿನ ಬಿಟ್ಟು ಕೇಳಲೇಬೇಕು. ಮರೆತರೆ ಆ ಮಾತು ಬಾಯುಪಚಾರಕ್ಕೆ ಆಡಿದ್ದು ಎಂದಾಗುತ್ತದೆ.

ಮಗು ಮಾತಾಡತೊಡಗಿದರೆ ‘ಯಾಕೆ’ಗಳನ್ನು ಕಡಿಮೆ ಮಾಡಿ. ‘ಯಾಕೆ ಹಾಗೆ ಮಾಡ್ದೆ’ ಎಂದರೆ ಸಮಜಾಯಿಷಿ ಬರುತ್ತದೆ. ‘ಆಗ ಏನನ್ನಿಸ್ತು’ ಎಂದರೆ ಮನಸ್ಸಿನೊಳಗಿನದು ಬರುತ್ತದೆ. ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ: ‘ಅಂದ್ರೆ, ಕ್ಲಾಸಲ್ಲಿ ಎಲ್ಲರೂ ಇದ್ದೂ ನೀನೊಬ್ಬನೇ ಅನ್ನೋ ಹಾಗಾಗ್ತಿದೆ, ಅಲ್ವಾ?’ ತಪ್ಪಿದ್ದರೆ ಅವರೇ ತಿದ್ದುತ್ತಾರೆ.

‘ನಿನಗೇನು ಕಡಿಮೆ ಮಾಡಿದ್ದೀವಿ?’ ಎಂಬ ಪ್ರಶ್ನೆಯನ್ನು ಮಾತ್ರ ಮರೆತೂ ಕೇಳಬೇಡಿ. ಪ್ರೀತಿಯಿಂದಲೇ ಕೇಳಿರಬಹುದು, ಆದರೆ ಮೊದಲೇ ಕುಗ್ಗಿರುವ ಮಗುವಿನ ಮೇಲೆ ಅಪರಾಧಿ ಭಾವವನ್ನೂ ಹೇರಿದಂತಾಗುತ್ತದೆ. ‘ನಮ್ಮ ಕಾಲದಲ್ಲಿ’ ಎಂದು ಶುರುವಾಗುವ ಮಾತಿನದೂ ಅದೇ ಕಥೆ. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಲೂ ಹೋಗಬೇಡಿ. ‘ನಿನ್ನ ಜೀವಕ್ಕೆ ಅಪಾಯ ಅನ್ನಿಸಿದ್ರೆ ಮಾತ್ರ ಬೇರೆಯವರಿಗೆ ಹೇಳ್ತೀನಿ, ಅದೂ ನಿನಗೆ ತಿಳಿಸಿ’ ಎಂಬುದು ಉಳಿಸಿಕೊಳ್ಳಬಹುದಾದ ಮಾತು.

ಕೇಳಲು ಹೆದರುವ ಪ್ರಶ್ನೆ

ಸಾವಿನ ಬಗ್ಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಎಲ್ಲೆಡೆ ಇದೆ. ಸಂಶೋಧನೆಗಳು ಅದನ್ನು ಒಪ್ಪುವುದಿಲ್ಲ. ಕೇಳಿದಾಗ ಎಷ್ಟೋ ಮಕ್ಕಳಿಗೆ ಹಗುರವೇ ಆಗುತ್ತದೆ. ನೇರವಾಗಿ ಕೇಳಿ: ‘ಬದುಕೋದೇ ಬೇಡ ಅನ್ನಿಸುತ್ತಾ? ಸಾಯೋ ಯೋಚನೆ ಬಂದಿದೆಯಾ?’ ‘ಅಂಥ ಹುಚ್ಚು ಯೋಚನೆ ಏನೂ ಇಲ್ಲ ತಾನೆ?’ ಎಂದು ಕೇಳಿದರೆ ‘ಇಲ್ಲ’ ಎನ್ನದೆ ಮಗುವಿಗೆ ಬೇರೆ ದಾರಿಯಿರುವುದಿಲ್ಲ.

‘ಹೌದು’ ಎಂದರೆ ಗಾಬರಿಯನ್ನು ಮುಖದಲ್ಲಿ ತೋರಿಸದೆ ‘ಹೇಳಿದ್ದು ಒಳ್ಳೇದಾಯ್ತು’ ಎನ್ನಿ. ಹೇಗೆ, ಯಾವಾಗ ಎಂದು ಯೋಚಿಸಿದ್ದಾರೆಯೇ, ಅದಕ್ಕೆ ಬೇಕಾದದ್ದು ಕೈಗೆ ಸಿಗುವಂತಿದೆಯೇ ಎಂದು ಕೇಳಿ. ಇದೆ ಎಂದಾದರೆ ಒಂಟಿಯಾಗಿ ಬಿಡಬೇಡಿ, ತಡಮಾಡದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಯೋಜನೆಯೇನೂ ಇಲ್ಲ, ಯೋಚನೆಯಷ್ಟೇ ಎಂದರೂ ಬೇಗ ತಜ್ಞರನ್ನು ಕಾಣಬೇಕು. ಅಲ್ಲಿಯವರೆಗೆ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ ಇಬ್ಬರ ಮೊಬೈಲಿನಲ್ಲೂ ಇರಲಿ. ಮನೆಯಲ್ಲಿರುವ ಮಾತ್ರೆಗಳು, ಕೀಟನಾಶಕ, ಹರಿತ ವಸ್ತುಗಳನ್ನು ಅಂದೇ ಬೀಗದೊಳಗೆ ಇಡಿ ಅಥವಾ ಮನೆಯಿಂದಾಚೆ ಸಾಗಿಸಿ. ತೀವ್ರ ತುಡಿತ ಹಲವರಲ್ಲಿ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಸಾಧನ ಕೈಗೆ ಸಿಗದಿದ್ದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು.

ಕೈ ಕೊಯ್ದುಕೊಂಡಿದ್ದರೆ ಮೊದಲು ಗಾಯಕ್ಕೆ ಆರೈಕೆ, ಮಾತು ಆಮೇಲೆ. ‘ಎಲ್ಲರ ಗಮನ ಸೆಳೆಯೋಕೆ’ ಎಂದು ತೀರ್ಮಾನಿಸಬೇಡಿ. ಹಲವರು ಅದನ್ನು ಉದ್ದ ತೋಳಿನೊಳಗೆ ಮುಚ್ಚಿಟ್ಟೇ ಇರುತ್ತಾರೆ. ‘ಇನ್ನೊಮ್ಮೆ ಮಾಡಲ್ಲ’ ಎಂದು ಭಾಷೆ ತೆಗೆದುಕೊಂಡರೆ ಮುಂದಿನ ಸಲ ನಿಮ್ಮಿಂದಲೂ ಮುಚ್ಚಿಡುತ್ತಾರೆ.

ಮನಸ್ಸು ತಿಳಿಯಾಗಿದ್ದ ಒಂದು ದಿನ ಸುರಕ್ಷತಾ ಯೋಜನೆಯನ್ನು ಮಗುವಿನ ಕೈಯಲ್ಲೇ ಬರೆಸಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಈ ಯೋಜನೆಯಲ್ಲಿ ಆರು ವಿಷಯಗಳಿವೆ: ಕಷ್ಟದ ಗಳಿಗೆ ಹತ್ತಿರವಾಗುತ್ತಿರುವುದಕ್ಕೆ ನನ್ನೊಳಗಿನ ಸೂಚನೆ ಏನು, ನಾನೊಬ್ಬನೇ ಏನು ಮಾಡಬಲ್ಲೆ, ಮನಸ್ಸು ಬೇರೆಡೆ ಹರಿಸಲು ಯಾರ ಬಳಿ, ಎಲ್ಲಿಗೆ ಹೋಗಬಲ್ಲೆ, ಸಹಾಯ ಕೇಳಲು ಯಾರಿದ್ದಾರೆ, ಯಾವ ತಜ್ಞರಿಗೆ, ಸಹಾಯವಾಣಿಗೆ ಕರೆ ಮಾಡಬೇಕು, ಸುತ್ತಲಿನ ಅಪಾಯವನ್ನು ಹೇಗೆ ದೂರವಿಡಬೇಕು. ಒಂದು ಪುಟ ಮೀರದಿರಲಿ. ‘ಧೈರ್ಯವಾಗಿರು’ ಎಂಬಂಥವು ಇಲ್ಲಿ ಕೆಲಸಕ್ಕೆ ಬಾರವು. ಹೆಸರು, ಸಂಖ್ಯೆ, ಜಾಗ ಬರೆಸಿ.

ದಿನಚರಿಯಲ್ಲಿ ಏನು ಬದಲಿಸಬೇಕು

ನಿದ್ದೆಯಿಂದ ಶುರು ಮಾಡಿ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹರೆಯದಲ್ಲಿ ದೇಹದ ಗಡಿಯಾರವೇ ಹಿಂದೆ ಬೀಳುವುದರಿಂದ ಬೇಗ ನಿದ್ದೆ ಹತ್ತದು, ಅದು ಹಟವಲ್ಲ. ಆದ್ದರಿಂದ ‘ಒಂಬತ್ತಕ್ಕೇ ಮಲಗು’ ಎಂದು ಗದರಿಸಿ ಫಲವಿಲ್ಲ. ಏಳುವ ಹೊತ್ತನ್ನು ಮೊದಲು ಗಟ್ಟಿ ಮಾಡಿ, ಎರಡು ಮೂರು ದಿನಕ್ಕೊಮ್ಮೆ ಅದನ್ನು ಹದಿನೈದು ನಿಮಿಷ ಬೇಗ ಮಾಡಿ, ಎದ್ದೊಡನೆ ಬೆಳಕಿಗೆ ಕರೆತನ್ನಿ. ರಜೆಯಲ್ಲೂ ಒಂದು ಗಂಟೆಗಿಂತ ಹೆಚ್ಚು ವ್ಯತ್ಯಾಸ ಬೇಡ. ಮೊಬೈಲ್ ಚಾರ್ಜ್ ಆಗುವುದು ಮಲಗುವ ಕೋಣೆಯ ಹೊರಗೆ – ಮನೆಯ ಎಲ್ಲರದ್ದೂ. ದೊಡ್ಡವರಿಗೆ ವಿನಾಯಿತಿ ಕೊಟ್ಟ ದಿನವೇ ನಿಯಮ ಮುರಿದುಬೀಳುತ್ತದೆ.

ಇನ್ನೊಂದು ಚಟುವಟಿಕೆ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದರೆ ಖಿನ್ನತೆಯಲ್ಲಿ ಮನಸ್ಸು ಬರುವುದೇ ಇಲ್ಲ. ಮಾಡುತ್ತಾ ಹೋದಂತೆ ಬರುತ್ತದೆ. ದಿನಕ್ಕೆ ಹತ್ತು ನಿಮಿಷದ ಒಂದು ಕೆಲಸ ಸಾಕು. ಮುಂಚೆ ಮತ್ತು ನಂತರ ಮನಸ್ಸಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಹಾಕಲಿ. ಮೂರು ಇದ್ದದ್ದು ನಾಲ್ಕಾದರೂ ಅವರ ಕಣ್ಣಿಗೇ ಕಾಣುತ್ತದೆ. ಮೊದಲ ದಿನವೇ ಒಂದು ಗಂಟೆಯ ಗುರಿ ಇಟ್ಟರೆ ಸೋಲು ಖಚಿತ.

ಆತಂಕದ್ದು ಬೇರೆ ಲೆಕ್ಕ. ಹೆದರಿದ್ದನ್ನು ತಪ್ಪಿಸಿಕೊಂಡಾಗಲೆಲ್ಲ ಒಂದಿಷ್ಟು ನೆಮ್ಮದಿ ಸಿಕ್ಕಿ, ಭಯ ಇನ್ನಷ್ಟು ಬೇರೂರುತ್ತದೆ. ಶಾಲೆಗೆ ಹೋಗಲು ಹೆದರುವ ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುವುದೂ ದರದರ ಎಳೆದೊಯ್ಯುವುದೂ ಎರಡೂ ತಪ್ಪು. ಗೇಟಿನ ತನಕ, ಒಂದು ಪೀರಿಯಡ್, ಅರ್ಧ ದಿನ – ಹೀಗೆ ಮೆಟ್ಟಿಲು ಮಾಡಿ. ಒಂದು ಮೆಟ್ಟಿಲು ಸಲೀಸಾಗುವವರೆಗೆ ಮುಂದಿನದಕ್ಕೆ ಹೋಗಬೇಡಿ. ಆದರೆ ಅಲ್ಲಿ ಯಾರಾದರೂ ಪೀಡಿಸುತ್ತಿದ್ದಾರೆಯೇ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಪೀಡನೆ ನಿಜವಿದ್ದರೆ ಮೊದಲು ನಿಲ್ಲಿಸಬೇಕಾದದ್ದು ಅದನ್ನು.

ವೈದ್ಯರ ಬಳಿ

ಎರಡು ವಾರ ಮೀರಿದರೆ, ಓದು, ನಿದ್ದೆ, ಸ್ನೇಹಕ್ಕೆ ಅಡ್ಡಿಯಾಗುತ್ತಿದ್ದರೆ ಹೊರಡಿ. ಇಲ್ಲದ ದನಿ ಕೇಳಿಸುವುದು, ಎಲ್ಲರ ಮೇಲೂ ಸಂಶಯ, ನಿದ್ದೆಯಿಲ್ಲದೆಯೂ ಅತಿಯಾದ ಹುರುಪು, ವೇಗವಾಗಿ ತೂಕ ಇಳಿಯುವುದು ಕಂಡರೆ ಕಾಯಲೇಬೇಡಿ. ಮನೋವೈದ್ಯರು ಔಷಧ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುತ್ತಾರೆ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಇದೇ ಬಗೆಯ ಸುಸ್ತು ತರುತ್ತವೆ, ಅವನ್ನೂ ಪರೀಕ್ಷಿಸಲು ಕೇಳಿ. ನೀವು ಬರೆದಿಟ್ಟ ಪುಸ್ತಕ ಜತೆಗಿರಲಿ. ಮಗು ವೈದ್ಯರೊಂದಿಗೆ ಒಂಟಿಯಾಗಿ ಮಾತಾಡಲು ಬಿಟ್ಟು ನೀವು ಹೊರಗೆ ಕೂರಿ. ಬಂದ ಮೇಲೆ ‘ಏನು ಹೇಳಿದೆ’ ಎಂದು ವಿಚಾರಿಸಬೇಡಿ.

ಖಿನ್ನತೆಯ ಔಷಧಗಳು ಪೂರ್ತಿ ಕೆಲಸ ಮಾಡಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೊದಲ ವಾರಗಳಲ್ಲಿ ಮತ್ತು ಡೋಸ್ ಬದಲಿಸಿದಾಗ ಕೆಲವು ಎಳೆಯರಲ್ಲಿ ಚಡಪಡಿಕೆ, ಸಾವಿನ ಯೋಚನೆ ಹೆಚ್ಚುವುದುಂಟು; ಆಗ ಹತ್ತಿರದಿಂದ ನೋಡಿಕೊಳ್ಳಿ, ಹಾಗೇನಾದರೂ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ. ಮಾತ್ರೆಗಳು ನಿಮ್ಮ ವಶದಲ್ಲಿರಲಿ. ಗೆಲುವಾದರೆಂದು ತಾವಾಗಿಯೇ ನಿಲ್ಲಿಸುವುದು ಬಹಳ ಮನೆಗಳಲ್ಲಿ ಆಗುವ ತಪ್ಪು. ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಿ, ಡೋಸನ್ನು ವೈದ್ಯರೇ ನಿಧಾನವಾಗಿ ಇಳಿಸಬೇಕು. ಎರಡು ಮೂರು ಭೇಟಿಯ ಬಳಿಕವೂ ಮಗುವಿಗೆ ಆ ತಜ್ಞರು ಹೊಂದಿಕೆಯಾಗದಿದ್ದರೆ ಬೇರೆಯವರನ್ನು ನೋಡಬಹುದು, ಚಿಕಿತ್ಸೆಯನ್ನೇ ಕೈಬಿಡಬಾರದು.

ಶಾಲೆ ಕಾಲೇಜಿನಲ್ಲಿ ಯಾರಿಗೆ, ಎಷ್ಟು ಹೇಳಬೇಕೆಂದು ಮಗುವಿನೊಂದಿಗೆ ಕೂತೇ ತೀರ್ಮಾನಿಸಿ. ಸಾಮಾನ್ಯವಾಗಿ ಒಬ್ಬ ಶಿಕ್ಷಕರಿಗೆ ತಿಳಿದಿದ್ದರೆ ಸಾಕು. ‘ಅಗತ್ಯವಿದ್ದಾಗ ತರಗತಿಯಿಂದ ಹತ್ತು ನಿಮಿಷ ಹೊರಬರಲು ಬಿಡಿ, ಉಳಿದ ಬರವಣಿಗೆ ಕೆಲಸಕ್ಕೆ ಒಂದು ವಾರ ಹೆಚ್ಚು ಕೊಡಿ’ ಎಂದು ಬೇಕಾದದ್ದನ್ನೇ ಕೇಳಿ. ‘ಸ್ವಲ್ಪ ನೋಡ್ಕೊಳ್ಳಿ’ ಎಂದರೆ ಏನು ಮಾಡಬೇಕೆಂದು ಅವರಿಗೂ ತಿಳಿಯುವುದಿಲ್ಲ.